ಒರಟು ದನಿಗೆ ಸಂದ ನ್ಯಾಯ

ಹೆಕ್ಟರ್ ಬೆರ್ಲಿಯೋಜ್‌ನ ‘ಸಿಂಫನಿ ಫ್ಯಾಂಟಾಸ್ಟಿಕ್’ ಮೊದಲು ಕೇಳಿಬಂದದ್ದು 1830ರ ಡಿಸೆಂಬರ್ 5ರಂದು, ಪ್ಯಾರಿಸ್ ಕನ್ಸರ್ವೇಟರಿಯ ಸಭಾಂಗಣದಲ್ಲಿ. ಜಾನ್ ಎಲಿಯಟ್ ಗಾರ್ಡಿನರ್ ತಮ್ಮ ‘ಆರ್ಕೆಸ್ತ್ರ ರೆವಲೂಸ್ಯೊನೇರ್ ಎ ರೊಮಾಂಟಿಕ್’ ತಂಡದೊಂದಿಗೆ 1991ರಲ್ಲಿ ಅದನ್ನು ಧ್ವನಿಮುದ್ರಿಸಿದ್ದು ಅದೇ ಸಭಾಂಗಣದಲ್ಲಿ. ವಾದ್ಯಗಳೂ ಆ ಕಾಲದವು, ಇಲ್ಲವೇ ಆ ಮಾದರಿಯವು: ಕರುಳಿನ ತಂತಿಯ ಪಿಟೀಲು, ವಾಲ್ವ್ ಇಲ್ಲದ ಹಾರ್ನ್, ಚರ್ಮ ಬಿಗಿದ ಟಿಂಪನಿ.

ಈ ಮುದ್ರಣದ ಹೆಚ್ಚುಗಾರಿಕೆ ವಾದ್ಯಗಳ ವಯಸ್ಸಿನಲ್ಲಿಲ್ಲ; ಒಂದೊಂದು ದನಿಯೂ ಬೇರೆಬೇರೆಯಾಗಿ ಕೇಳುವುದರಲ್ಲಿದೆ.

ಅಫೀಮು ಸೇವಿಸಿದ ಕಲಾವಿದನೊಬ್ಬ ತಾನು ಪ್ರೇಯಸಿಯನ್ನು ಕೊಂದು ಗಿಲೊಟಿನ್‌ಗೆ ನಡೆದಂತೆ ಕನಸು ಕಾಣುವುದು ನಾಲ್ಕನೆಯ ಭಾಗ. ಅದರ ಆರಂಭದಲ್ಲಿ ಹಾರ್ನ್ ನುಡಿಸುವವರು ವಾದ್ಯದ ಬಾಯಿಗೆ ಕೈಯಿಟ್ಟು ಸ್ವರವನ್ನು ಅದುಮುತ್ತಾರೆ. ಗಂಟಲು ಕಟ್ಟಿದಂಥ ಆ ದನಿ ಬೆರ್ಲಿಯೋಜ್ ಬರೆದು ಕೇಳಿದ್ದೇ. ಐದನೆಯ ಭಾಗದ ಮಾಟಗಾತಿಯರ ಕೂಟದಲ್ಲಿ ‘ದಿಯೆಸ್ ಇರೆ’ ಎಂಬ ಮರಣದ ಸ್ತೋತ್ರವನ್ನು ಬಸೂನ್‌ಗಳ ಜೊತೆ ನುಡಿಸುವುದು ಸರ್ಪೆಂಟ್ ಮತ್ತು ಒಫಿಕ್ಲೈಡ್ ಎಂಬ ಹಳೆಯ ಊದುವಾದ್ಯಗಳು. ಈಗಿನ ವಾದ್ಯವೃಂದಗಳಲ್ಲಿ ಆ ಜಾಗಕ್ಕೆ ಟ್ಯೂಬಾ ಬಂದಿದೆ. ಅದರ ದುಂಡನೆಯ ನಾದದಲ್ಲಿ ಸ್ತೋತ್ರ ಗಂಭೀರವಾಗುತ್ತದೆ. ಇಲ್ಲಿ ಕರ್ಕಶವಾಗಿ, ಅಣಕದಂತೆ ಕೇಳುತ್ತದೆ. ಸ್ತೋತ್ರವನ್ನೇ ಗೇಲಿ ಮಾಡುವ ಈ ಸನ್ನಿವೇಶಕ್ಕೆ ಬೇಕಾದದ್ದು ಅದೇ.

ಮೂರನೆಯ ಭಾಗದ ಕೊನೆಯೂ ಹಾಗೆಯೇ. ನಾಲ್ವರು ಟಿಂಪನಿ ಬಾರಿಸಿ ದೂರದ ಗುಡುಗನ್ನು ಎಬ್ಬಿಸುತ್ತಾರೆ. ಸ್ಪಂಜು ಸುತ್ತಿದ ಕೋಲು ಚರ್ಮಕ್ಕೆ ತಾಗಿದಾಗ ಒಂದೊಂದು ಟಿಂಪನಿಯ ಶ್ರುತಿಯೂ ಸ್ಪಷ್ಟ; ನಾಲ್ಕು ಸ್ವರ ಕಲಸಿಹೋದ ಮೊರೆತವಾಗದೆ ಗುಡುಗೂ ರಾಗದ ಭಾಗವೇ ಆಗುತ್ತದೆ.

ಆದರೂ ಹಳೆಯ ವಾದ್ಯವೇ ಬೆರ್ಲಿಯೋಜ್‌ನ ಕೊನೆಯ ಮಾತು ಎನ್ನುವುದು ತಪ್ಪು. ಹೊಸ ವಾದ್ಯವೆಂದರೆ ಅವನಿಗೆ ತೀರದ ಕುತೂಹಲ. ಹೊಸ ವಾದ್ಯಗಳನ್ನು ರೂಪಿಸುತ್ತಿದ್ದ ಅಡಾಲ್ಫ್ ಸಾಕ್ಸ್ ಅವನ ಗೆಳೆಯ. 1835ರಲ್ಲಿ ಬರ್ಲಿನ್‌ನಲ್ಲಿ ಪೇಟೆಂಟ್ ಪಡೆದ ಬಾಸ್ ಟ್ಯೂಬಾವನ್ನು ಬೆರ್ಲಿಯೋಜ್ ಮನಸಾರೆ ಮೆಚ್ಚಿದ್ದ. ಹಾಗಾಗಿ ಗಾರ್ಡಿನರ್ ನಮಗೆ ಕೊಟ್ಟಿರುವುದು 1830ರ ಬೆರ್ಲಿಯೋಜ್‌ನನ್ನು ಮಾತ್ರ.

ಕೊರತೆ ಇರುವುದು ಮೊದಲ ಭಾಗದಲ್ಲಿ. ಪ್ರೇಯಸಿಯನ್ನು ನೆನಪಿಸುವ ರಾಗ ಕಲಾವಿದನನ್ನು ಬಿಡದೆ ಕಾಡಬೇಕು. ಹಂಬಲದಲ್ಲಿ ತಡೆಯಬೇಕು, ಮತ್ತೆ ಧಾವಿಸಬೇಕು. ಗಾರ್ಡಿನರ್ ಲಯವನ್ನು ಬಿಗಿಯಾಗಿ ಹಿಡಿಯುತ್ತಾರೆ. ತಡೆಯುವುದಕ್ಕೆ ಎಡೆಯೇ ಸಿಗುವುದಿಲ್ಲ. ಕಾಲಿನ್ ಡೇವಿಸ್ 1974ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಗೆಬೌ ವಾದ್ಯವೃಂದದೊಂದಿಗೆ, ಆಧುನಿಕ ವಾದ್ಯಗಳಲ್ಲೇ, ಆ ರಾಗಕ್ಕೆ ಬೇಕಾದ ಉಸಿರು ಕೊಟ್ಟಿದ್ದಾರೆ. ಮೊದಲೆರಡು ಭಾಗಗಳಿಗೆ ಡೇವಿಸ್ ಮುದ್ರಣವೇ ಮೇಲು; ಗುಡುಗಿನಿಂದ ಮುಂದಕ್ಕೆ ಗಾರ್ಡಿನರ್ ಮುದ್ರಣಕ್ಕೆ ಸಾಟಿ ಸಿಗುವುದು ಕಷ್ಟ.