ಅರ್ಜಿ ಬರೆಯುವ ಪಾಠ

ಕಾದಂಬರಿ ಕವನಗಳ ವಿಮರ್ಶೆಗೆ ಮೀಸಲಾದ ಈ ಪುಟದಲ್ಲಿ ಶಾಲಾ ಕಾಲೇಜುಗಳ ಪತ್ರಲೇಖನದ ಪಾಠವನ್ನು ವಿಮರ್ಶೆಗೆ ಎತ್ತಿಕೊಂಡರೆ ಕೆಲವರು ಹುಬ್ಬೇರಿಸಬಹುದು. ಆದರೆ ಪದವಿ ಪಡೆದು ಹೊರಬರುವ ನಮ್ಮ ಹುಡುಗ ಹುಡುಗಿಯರಲ್ಲಿ ಕವನ ಬರೆಯುವವರು ಎಷ್ಟು ಮಂದಿ? ಜೀವಮಾನದಲ್ಲಿ ಒಂದು ಅರ್ಜಿಯನ್ನೂ ಬರೆಯದೆ ದಿನ ಕಳೆಯಬಲ್ಲವರು ಎಷ್ಟು ಮಂದಿ? ನಮ್ಮಲ್ಲಿ ಬಹುಪಾಲು ಜನ ಬರೆಯುವ ಗದ್ಯವೆಲ್ಲ ಇದೇ: ರಜೆಯ ಪತ್ರ, ಕೆಲಸದ ಅರ್ಜಿ, ಕಚೇರಿಯ ಟಿಪ್ಪಣಿ, ಬಾಕಿ ಹಣದ ತಗಾದೆ. ಇಷ್ಟು ಜನ ಬರೆಯುವ ಗದ್ಯವನ್ನು ಕಲಿಸುವ ಪಾಠಕ್ಕೆ ವಿಮರ್ಶೆಯ ಬೆಳಕು ಬೀಳದಿರುವುದು ನ್ಯಾಯವಲ್ಲ.

ಇದು ಕೀಳು ಬರಹವೆಂಬ ಭಾವನೆಗೆ ನಮ್ಮ ಚರಿತ್ರೆಯೂ ಒಪ್ಪುವುದಿಲ್ಲ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಹಲ್ಮಿಡಿ ಶಾಸನ, ಸುಮಾರು ಕ್ರಿ. ಶ. 450ರದು, ಹದಿನಾರು ಸಾಲುಗಳ ಒಂದು ದಾನಪತ್ರ. ದೇವರ ಸ್ತುತಿಯೊಂದು ಮುಗಿದೊಡನೆ ಅದು ವ್ಯವಹಾರಕ್ಕೆ ಇಳಿಯುತ್ತದೆ. ಫೈಲಿಗೆ ನಾವು ಇಂದು ಬಳಸುವ ‘ಕಡತ’ ಎಂಬ ಮಾತು, ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕದ ಹೆಸರು. ಅರ್ಜಿ, ದಾಖಲೆ, ಮಂಜೂರು, ಜಾರಿ ಮೊದಲಾದ ಮಾತುಗಳು ಪಾರಸಿ ಅರಬ್ಬಿಗಳಿಂದ ಬಂದು ಶತಮಾನಗಳ ಕಾಲ ನಮ್ಮ ಕಚೇರಿಗಳಲ್ಲಿ ದುಡಿದು ಕನ್ನಡದವೇ ಆಗಿಹೋಗಿವೆ. ವ್ಯವಹಾರದ ಕನ್ನಡಕ್ಕೆ ವಂಶವೂ ಇದೆ, ಆಸ್ತಿಯೂ ಇದೆ. ಕೊರತೆಯಿರುವುದು ಅದನ್ನು ಕಲಿಸುವ ರೀತಿಯಲ್ಲಿ.

ಈಗ ನಾವು ಕಲಿಸುತ್ತಿರುವುದೇನು? ‘ಇಂದ’ ಎಲ್ಲಿ ಬರಬೇಕು, ‘ಇವರಿಗೆ’ ಎಲ್ಲಿ ಬರಬೇಕು. ದಿನಾಂಕ ಯಾವ ಮೂಲೆಯಲ್ಲಿರಬೇಕು. ‘ಮಾನ್ಯರೇ’ ಆದ ಮೇಲೆ ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಉದ್ದನೆಯ ಮೆಟ್ಟಿಲು. ಕೊನೆಗೆ ‘ಇಂತಿ ತಮ್ಮ ವಿಶ್ವಾಸಿ’. ಇವು ತಮ್ಮ ತಮ್ಮ ಸ್ಥಾನದಲ್ಲಿದ್ದರೆ ಅಂಕ, ತಪ್ಪಿದರೆ ಕಡಿತ. ನಡುವೆ ಇರುವ ನಾಲ್ಕಾರು ಸಾಲು ಏನು ಹೇಳುತ್ತವೆ, ಅದನ್ನು ಓದಿದವನು ಏನು ಮಾಡಬಲ್ಲ ಎಂಬ ಪ್ರಶ್ನೆ ಪರೀಕ್ಷಕನಿಗೆ ಏಳುವುದೇ ಅಪರೂಪ. ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ಬಿ. ಕಾಂ. ವಿದ್ಯಾರ್ಥಿಗಳಿಗೆ ಹಲವು ವರ್ಷ ಕನ್ನಡ ಪಾಠ ಹೇಳಿದ ನಾನೂ ಹಾಗೆಯೇ ಅಂಕ ಕೊಟ್ಟವನು.

ನನ್ನ ಕಣ್ಣು ತೆರೆಸಿದವಳು ಎರಡನೆಯ ವರ್ಷದ ಒಬ್ಬ ಹುಡುಗಿ. ಬಡಾವಣೆಯ ಬೀದಿದೀಪಗಳನ್ನು ದುರಸ್ತಿ ಮಾಡಿಸಬೇಕೆಂಬ ಆಕೆಯ ಪತ್ರಕ್ಕೆ ನಾನು ಕಿರುಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆ. ಕೆಲವು ದಿನಗಳ ಮೇಲೆ ಆಕೆ ಇನ್ನೊಂದು ಹಾಳೆ ಹಿಡಿದು ಬಂದಳು. ತಾಯಿಗೆ ಬರುತ್ತಿದ್ದ ವಿಧವಾ ವೇತನ ನಾಲ್ಕು ತಿಂಗಳಿನಿಂದ ನಿಂತಿತ್ತು. ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟಾಗಿತ್ತು, ಉತ್ತರವಿಲ್ಲ. “ಇದರಲ್ಲಿ ಏನು ತಪ್ಪಿದೆ ನೋಡಿ ಸಾರ್” ಎಂದಳು.

ನನ್ನ ಅಳತೆಗೋಲಿನಲ್ಲಿ ತಪ್ಪೇ ಇರಲಿಲ್ಲ. ಮೊದಲ ಮೂರು ಸಾಲು ವಿನಯ, ಮುಂದಿನ ಮೂರು ಸಾಲು ಬಡತನದ ವರ್ಣನೆ. ವೇತನ ಬಂದಿಲ್ಲವೆಂಬ ಸಂಗತಿ ಏಳನೆಯ ಸಾಲಿನಲ್ಲಿತ್ತು. ಯಾವ ತಿಂಗಳಿನಿಂದ ಎಂಬುದಿರಲಿಲ್ಲ. ಮಂಜೂರಾತಿ ಆದೇಶದ ಸಂಖ್ಯೆಯೂ ಇರಲಿಲ್ಲ. ಕೇಳುತ್ತ ಹೋದಾಗ ಆಕೆ ಸಹಜವಾಗಿ ಹೇಳಿದಳು: ತಾಯಿಯ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ಸೇರಿಹೋಗಿತ್ತು, ಖಾತೆಯ ಸಂಖ್ಯೆ ಬದಲಾಗಿ ಹೊಸ ಪಾಸ್‌ಬುಕ್ ಕೊಟ್ಟಿದ್ದರು. “ಅದನ್ನೇಕಮ್ಮ ಬರೆಯಲಿಲ್ಲ?” ಎಂದೆ. “ಮಾದರಿ ಪತ್ರದಲ್ಲಿ ಅದಕ್ಕೆ ಜಾಗ ಇರಲಿಲ್ಲ ಸಾರ್” ಎಂದಳು. ಆಕೆಯ ಮುಖದಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ. ನಾನು ಕಲಿಸಿದ್ದನ್ನು ಆಕೆ ಅಕ್ಷರಶಃ ಕಲಿತಿದ್ದಳು.

ಆ ಕಚೇರಿಯ ಗುಮಾಸ್ತನನ್ನು ನಾವು ಬೈಯುವುದು ಸುಲಭ. ಎರಡು ಅರ್ಜಿಗಳಿಗೆ ಒಂದು ಸಾಲಿನ ಉತ್ತರವನ್ನೂ ಕೊಡದಿದ್ದುದು ತಪ್ಪೇ. ಆದರೂ ಆತನ ಮೇಜಿನ ಮುಂದೆ ಒಂದು ಗಳಿಗೆ ಕುಳಿತು ಆ ಪತ್ರವನ್ನು ಓದಿ ನೋಡಬೇಕು. ರಾಶಿಯಲ್ಲಿ ಅದೂ ಒಂದು. ಆರು ಸಾಲು ದಾಟಿ ಏಳನೆಯದಕ್ಕೆ ಬಂದರೂ ಯಾವ ಪುಸ್ತಕ ತೆರೆಯಬೇಕು, ಯಾವ ಸಂಖ್ಯೆ ಹುಡುಕಬೇಕು ಎಂಬುದು ತಿಳಿಯದು. ಆ ಪತ್ರ ಅವನ ಕರುಣೆಯನ್ನು ಕೇಳಿತ್ತೇ ಹೊರತು ಕೆಲಸವನ್ನು ಕೇಳಿರಲಿಲ್ಲ. ವ್ಯವಹಾರದ ಬರವಣಿಗೆಯ ಗುಟ್ಟೆಲ್ಲ ಇಲ್ಲಿದೆ ಎಂದು ನನಗೆ ತೋರುತ್ತದೆ: ಓದುವವನು ಯಾರು, ಅವನಿಂದ ಏನಾಗಬೇಕು, ಅದಕ್ಕೆ ಅವನಿಗೆ ಏನೇನು ಬೇಕು.

ಎರಡನೆಯ ದೋಷ ಭಾಷೆಯದು. 1963ರ ಅಧಿನಿಯಮದಿಂದ ಕನ್ನಡ ರಾಜ್ಯದ ಆಡಳಿತ ಭಾಷೆಯಾಯಿತು. ಆದರೆ ಕಚೇರಿಗಳಲ್ಲಿ ಇಂಗ್ಲಿಷಿನ ವಾಕ್ಯವೇ ಕನ್ನಡದ ಅಂಗಿ ತೊಟ್ಟು ಕುಳಿತಿತು. ‘ಪರಿಶೀಲಿಸಲಾಗಿದೆ’, ‘ತಿಳಿಯಪಡಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’ ಎಂಬುವನ್ನು ನೋಡಿ. ಕನ್ನಡದ ಕ್ರಿಯಾಪದಕ್ಕೆ ಒಂದು ಸೊಗಸಾದ ಪ್ರಾಮಾಣಿಕತೆ ಇದೆ. ಮಾಡಿದೆನು, ಮಾಡಿದಿರಿ, ಮಾಡಿದರು ಎಂದೊಡನೆ ಮಾಡಿದವರು ಯಾರೆಂದು ಪದದ ಬಾಲವೇ ಹೇಳಿಬಿಡುತ್ತದೆ. ‘ಮಾಡಲಾಗಿದೆ’ ಎಂದಾಗ ಆ ಬಾಲ ಕತ್ತರಿಸಿಹೋಗುತ್ತದೆ. ಕೆಲಸ ಉಳಿಯುತ್ತದೆ, ಮಾಡಿದವನು ಮಾಯವಾಗುತ್ತಾನೆ. ಅಧಿಕಾರಿಗೆ ಇದು ಅನುಕೂಲವಾಗಿರಬಹುದು. ಆದರೆ ವಿದ್ಯಾರ್ಥಿಗಳೂ ಇದನ್ನೇ ಗಂಭೀರವಾದ ಕನ್ನಡವೆಂದು ತಿಳಿದು, ‘ನಾನು ಹಣ ಕಟ್ಟಿದ್ದೇನೆ’ ಎನ್ನುವ ಬದಲು ‘ಹಣವನ್ನು ಪಾವತಿಸಲಾಗಿರುತ್ತದೆ’ ಎಂದು ಬರೆಯುತ್ತಾರೆ. ಕಟ್ಟಿದವನು ತಾನೇ ಎಂಬುದಕ್ಕೆ ಸಾಕ್ಷಿಯನ್ನು ತಾನೇ ಅಳಿಸಿದಂತಾಯಿತು.

ಈ ರೋಗ ನಮ್ಮೊಬ್ಬರದೇ ಅಲ್ಲ. ಬ್ರಿಟನ್ನಿನ ಖಜಾನೆ ಇಲಾಖೆ ತನ್ನ ನೌಕರರ ಇಂಗ್ಲಿಷನ್ನು ತಿದ್ದಲು ಸರ್ ಅರ್ನೆಸ್ಟ್ ಗವರ್ಸ್ ಅವರನ್ನು ಕೇಳಿಕೊಂಡಿತು. 1948ರಲ್ಲಿ ‘ಪ್ಲೇನ್ ವರ್ಡ್ಸ್’ ಎಂಬ ಅವರ ಚಿಕ್ಕ ಪುಸ್ತಕ ಹೊರಬಂದಿತು. 1954ರಲ್ಲಿ ಅದು ಬೆಳೆದು ‘ದಿ ಕಂಪ್ಲೀಟ್ ಪ್ಲೇನ್ ವರ್ಡ್ಸ್’ ಆಯಿತು. ಸ್ವತಃ ಹಿರಿಯ ಅಧಿಕಾರಿಯಾಗಿದ್ದವರು ಬರೆದದ್ದರಿಂದ ಅದರಲ್ಲಿ ಉಪದೇಶದ ಕಿರುಕುಳವಿಲ್ಲ. ಕಚೇರಿಯ ಕನ್ನಡಕ್ಕೆ ಅಂಥದೊಂದು ಪುಸ್ತಕ, ನಮ್ಮ ಭಾಷೆಯ ಜಾಯಮಾನವನ್ನು ಅರಿತು ಬರೆದದ್ದು, ಪ್ರತಿಯೊಂದು ಕಾಲೇಜಿನ ಮೇಜಿನ ಮೇಲೂ ಇರಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹೀಗೆ ಎಲ್ಲವನ್ನೂ ಕತ್ತರಿಸಿದರೆ ಪತ್ರ ಒರಟಾಗುವುದಿಲ್ಲವೇ? ಮರ್ಯಾದೆ ನಮ್ಮ ಸಂಸ್ಕೃತಿಯ ಗುಣವಲ್ಲವೇ? ಒಪ್ಪತಕ್ಕ ಮಾತೇ. ‘ಮಾನ್ಯರೇ’ ಎಂಬುದನ್ನು ತೆಗೆಯಿರೆಂದು ನಾನು ಹೇಳುವುದಿಲ್ಲ. ಕೊನೆಯಲ್ಲೊಂದು ವಂದನೆಯೂ ಇರಲಿ. ಆದರೆ ಮನೆಗೆ ಬಂದವರು ಹೊಸಿಲಲ್ಲೇ ನಿಂತು ಅರ್ಧ ಗಂಟೆ ನಮಸ್ಕಾರ ಮಾಡುತ್ತಿದ್ದರೆ ಅದು ಮರ್ಯಾದೆಯಾಗದು. ಓದುವವನ ಹೊತ್ತನ್ನು ಉಳಿಸುವುದೂ ಮರ್ಯಾದೆಯೇ. ಇನ್ನೊಂದು ಮಾತೂ ಇದೆ. ಹಕ್ಕಾಗಿ ಬರಬೇಕಾದುದನ್ನು ಪ್ರಾರ್ಥಿಸಿ ಬೇಡಿಕೊಳ್ಳುವಂತೆ ಮಕ್ಕಳಿಗೆ ಕಲಿಸಿದರೆ, ನಾವು ಕಲಿಸಿದ್ದು ಭಾಷೆಯನ್ನಷ್ಟೇ ಅಲ್ಲ, ತಲೆ ಬಗ್ಗಿಸುವುದನ್ನೂ ಸಹ. 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ಅರ್ಜಿದಾರ ತನಗೆ ಮಾಹಿತಿ ಏಕೆ ಬೇಕೆಂಬ ಕಾರಣವನ್ನೇ ಹೇಳಬೇಕಾಗಿಲ್ಲ. ಕಾನೂನು ಇಷ್ಟು ನೆಟ್ಟಗೆ ನಿಲ್ಲಿಸಿದ ನಾಗರಿಕನನ್ನು ನಮ್ಮ ಮಾದರಿ ಪತ್ರ ಮತ್ತೆ ಕೈಕಟ್ಟಿ ನಿಲ್ಲಿಸುತ್ತಿದೆ.

ಅದೇ ಕಾನೂನಿನಿಂದ ತರಗತಿಗೆ ಒಂದು ಒಳ್ಳೆಯ ಅಭ್ಯಾಸವೂ ದೊರೆಯುತ್ತದೆ. 2008ರಲ್ಲಿ ತಿದ್ದುಪಡಿಯಾದ ಕರ್ನಾಟಕದ ನಿಯಮಗಳಂತೆ ಮಾಹಿತಿಯ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ನಾಗರಿಕನ ಹಕ್ಕಿಗೆ ಹೀಗೆ ಪದಗಳ ಬೇಲಿ ಹಾಕಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ 150 ಪದಗಳಲ್ಲಿ ಒಂದು ಸಂಗತಿಯನ್ನು ಪೂರ್ತಿ ಕೇಳಬಲ್ಲ ವಿದ್ಯಾರ್ಥಿ ಯಾವ ಕಚೇರಿಯಲ್ಲಾದರೂ ಬದುಕಬಲ್ಲ. ಕಾಗದದ ಬದಲು ಇಮೇಲ್ ಬಂದಿರುವುದರಿಂದ ಈ ಗುಣದ ಬೆಲೆ ಇಳಿದಿಲ್ಲ, ಏರಿದೆ. ‘ವಿಷಯ’ ಎಂಬ ಸಾಲನ್ನಷ್ಟೇ ನೋಡಿ ಪತ್ರವನ್ನು ತೆರೆಯುವುದೋ ಬಿಡುವುದೋ ಎಂದು ತೀರ್ಮಾನಿಸುವ ಕಾಲ ಇದು.

ಆ ದಿನ ನಾವಿಬ್ಬರೂ ಕುಳಿತು ಆ ಅರ್ಜಿಯನ್ನು ಮತ್ತೆ ಬರೆದೆವು. ವೇತನ ಯಾವ ತಿಂಗಳಿನಿಂದ ನಿಂತಿದೆ ಎಂಬುದು ಮೊದಲ ಸಾಲು; ಬ್ಯಾಂಕು ಬದಲಾದುದು ಎರಡನೆಯದು; ಆದೇಶದ ಸಂಖ್ಯೆ, ಹಳೆಯ ಖಾತೆ, ಹೊಸ ಖಾತೆ ಒಂದರ ಕೆಳಗೊಂದು. ಹೊಸ ಖಾತೆಗೆ ವೇತನ ಕಳುಹಿಸಬೇಕು, ನಿಂತ ತಿಂಗಳುಗಳ ಹಣವನ್ನೂ ಕೊಡಬೇಕು ಎಂಬುದು ಕೊನೆಯ ಸಾಲು. ಪಾಸ್‌ಬುಕ್ಕಿನ ಪ್ರತಿಯನ್ನು ಲಗತ್ತಿಸಿದೆವು. ಬರೆದು ಮುಗಿಸಿದಾಗ ಪತ್ರ ಅರ್ಧ ಪುಟವೂ ಇರಲಿಲ್ಲ. “ಇಷ್ಟೇನಾ ಸಾರ್?” ಎಂದು ಆಕೆ ಅನುಮಾನದಿಂದಲೇ ತೆಗೆದುಕೊಂಡು ಹೋದಳು.

ಎರಡು ತಿಂಗಳ ಮೇಲೆ ವೇತನ ಬಂದಿತು. ನಮ್ಮ ಪತ್ರದಿಂದಲೇ ಬಂದಿತೆಂದು ನಾನು ಹೇಳಲಾರೆ; ನಿಂತ ತಿಂಗಳುಗಳ ಹಣಕ್ಕಾಗಿ ಆಕೆ ಇನ್ನೊಂದು ಪತ್ರ ಬರೆಯಬೇಕಾಯಿತು. ಅದನ್ನು ಆಕೆ ನನಗೆ ತೋರಿಸದೆ ತಾನೇ ಬರೆದಳು.

ಅಂದಿನಿಂದ ನಾನು ಪ್ರಶ್ನೆಪತ್ರಿಕೆಯನ್ನು ಬೇರೆ ರೀತಿ ಮಾಡುತ್ತ ಬಂದೆ. ಒಂದು ರಸೀದಿ, ಎರಡು ದಿನಾಂಕ, ಒಂದು ತಪ್ಪು ಬಿಲ್ಲು, ಬೇಕಾದ ಬೇಡವಾದ ಸಂಗತಿಗಳೆಲ್ಲ ಕಲಸಿದ ಒಂದು ಪುಟ ಕೊಟ್ಟು, ಇದರಿಂದ ಪತ್ರ ಬರೆಯಿರಿ ಎನ್ನುವುದು. ಬರೆದ ಪತ್ರವನ್ನು ಪಕ್ಕದ ವಿದ್ಯಾರ್ಥಿ ಓದಿ, ತಾನು ಏನು ಮಾಡಬೇಕೆಂದು ತಿಳಿಯಿತೇ ಎಂದು ಒಂದು ಸಾಲಿನಲ್ಲಿ ಬರೆಯಬೇಕು. ತಿಳಿಯಲಿಲ್ಲವೆಂದರೆ ‘ಇಂತಿ ತಮ್ಮ ವಿಶ್ವಾಸಿ’ ಎಷ್ಟೇ ದುಂಡಾಗಿದ್ದರೂ ಅಂಕವಿಲ್ಲ. ಮೊದಲ ವರ್ಷ ತರಗತಿಯ ಅರ್ಧದಷ್ಟು ಮಂದಿ ತೇರ್ಗಡೆಯಾಗಲಿಲ್ಲ. ಅದರಲ್ಲಿ ಅವರ ತಪ್ಪಿಗಿಂತ ನನ್ನ ಹಿಂದಿನ ವರ್ಷಗಳ ತಪ್ಪೇ ಹೆಚ್ಚು.