ಒಂದೂವರೆ ಆಣೆಯ ಕಂದು

ಮಳೆಗಾಲ ಮುಗಿದು ಗೋಡೆಯ ತಂಪು ಆರುವವರೆಗೆ ನಾನು ಟ್ರಂಕು ತೆಗೆಯುವುದಿಲ್ಲ. ಕಲಘಟಗಿ ಅರೆಮಲೆನಾಡು, ಶ್ರಾವಣದ ಜಡಿಮಳೆಗೆ ಹಳೆಯ ಕಾಗದ ಹಪ್ಪಳದಂತೆ ಮೆತ್ತಗಾಗುತ್ತದೆ. ದೀಪಾವಳಿ ದಾಟಿದ ಮೇಲೆ ಒಂದು ಮಧ್ಯಾಹ್ನ ಕೈ ತೊಳೆದು, ಒಣಗಿಸಿ, ಬೆಳಕಿಂಡಿಯ ಕೆಳಗೆ ಕೂತು ಆಲ್ಬಮ್ ಬಿಚ್ಚುತ್ತೇನೆ. ಮೊದಲ ಪುಟಕ್ಕೆ ನಾಲ್ಕೇ ಅಂಚೆಚೀಟಿ.

ಗಾಂಧೀಜಿ ಹೋದದ್ದು 1948ರ ಜನವರಿ 30, ಶುಕ್ರವಾರ ಸಂಜೆ. ಅದೇ ವರ್ಷ ಆಗಸ್ಟ್ 15ಕ್ಕೆ ಈ ಶೋಕದ ಚೀಟಿಗಳು ಹೊರಬಂದವು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಅಚ್ಚಾದದ್ದು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಮುದ್ರಣಾಲಯದಲ್ಲಿ. ಸ್ವದೇಶಿ ಎಂದು ಜೀವ ತೇದವನ ಮುಖ ಪರದೇಶದಲ್ಲಿ ಅಚ್ಚಾಯಿತಲ್ಲ ಎಂದು ಮೂಗು ಮುರಿಯುವವರಿದ್ದಾರೆ, ಮುರಿಯಲಿ. ಭೂತಗನ್ನಡಿ ಹಿಡಿದ ಮೇಲೆ ಅವರೂ ಸುಮ್ಮನಾಗುತ್ತಾರೆ.

ಇವು ಅಚ್ಚಾದ ಬಗೆಗೆ ಫೋಟೋಗ್ರೇವ್ಯೂರ್ ಎಂದು ಹೆಸರು; ಅದು ಆಳದ ಕಲೆ. ತಾಮ್ರದ ಉರುಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು. ಕುಳಿ ಆಳವಾದಲ್ಲಿ ಶಾಯಿ ಹೆಚ್ಚು ನಿಂತು ನೆರಳು ಗಾಢವಾಗುತ್ತದೆ, ತೆಳುವಾದಲ್ಲಿ ಬೆಳಕು ಮೂಡುತ್ತದೆ. ಹಾಗಾಗಿ ಇಲ್ಲಿ ಗೆರೆ ಎಳೆದ ಗುರುತಿಲ್ಲ. ಕೆನ್ನೆಯ ಗುಳಿಗೆ ನೆರಳು ಇಳಿಯುವುದು ಬಿಳಿ ಧೋತರಕ್ಕೆ ನೀರು ಹಬ್ಬಿದಂತೆ, ಮೆಲ್ಲಗೆ, ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ. ಮೂರೂವರೆ ಆಣೆಯದು ನೇರಳೆ, ಹನ್ನೆರಡು ಆಣೆಯದು ಬೂದು ಬೆರೆತ ಹಸಿರು. ಹತ್ತು ರೂಪಾಯಿಯದು ತುಸು ಎತ್ತರದ ಚೀಟಿ, ಅದಕ್ಕೆ ಎರಡು ಬಣ್ಣ. ದೇವನಾಗರಿಯಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ ‘ಬಾಪು’.

ಆದರೆ ನನ್ನ ಮನಸ್ಸು ನಿಲ್ಲುವುದು ಎಲ್ಲಕ್ಕಿಂತ ಅಗ್ಗದ ಒಂದೂವರೆ ಆಣೆಯ ಮೇಲೆ. ಆ ಕಂದು! ಆಗತಾನೆ ರಂಟೆ ಹೊಡೆದ ಮಸಾರಿ ಹೊಲದ ಕಂದು. ನನ್ನಲ್ಲಿರುವುದು ಬಳಸಿದ್ದು; ಅಂಚೆಯ ಮುದ್ರೆ ಭುಜವನ್ನು ಮಾತ್ರ ಸವರಿ, ಮುಖವನ್ನು ಬಿಟ್ಟು ಹೋಗಿದೆ. ಹೊಡೆದವನ ಕೈ ಆ ಗಳಿಗೆ ತಡೆಯಿತೆಂದೇ ನಾನು ನಂಬಿದ್ದೇನೆ.

ಇವೇ ನಾಲ್ಕರ ಮೇಲೆ ‘ಸರ್ವಿಸ್’ ಎಂದು ಅಚ್ಚೊತ್ತಿ ಗವರ್ನರ್ ಜನರಲ್ ಕಚೇರಿಗೆಂದು ಕೊಟ್ಟ ನೂರೇ ನೂರು ಸೆಟ್ಟುಗಳಿದ್ದವು. ಅದರ ಹತ್ತು ರೂಪಾಯಿಯ ನಾಲ್ಕು ಚೀಟಿಗಳ ಪಟ್ಟಿಯೊಂದು 2017ರಲ್ಲಿ ಐದು ಲಕ್ಷ ಪೌಂಡಿಗೆ ಹೋಯಿತು. ಹೋಗಲಿ. ಆ ಅಕ್ಷರ ಚಿತ್ರದ ಮೇಲೆಯೇ ಕೂತಿದೆ, ನನ್ನ ಕಣ್ಣಿಗೆ ಅದು ಕಸರು.

ನೆಹರೂ ಪುಟವೂ ಇದೆ. 1964ರ ಮೇ 27ಕ್ಕೆ ಅವರು ತೀರಿಕೊಂಡರು, ಜೂನ್ 12ಕ್ಕೇ 15 ಪೈಸೆಯ ಚೀಟಿ ಬಂತು. ಹದಿನಾರು ದಿನದ ಅವಸರ ಕಾಣುತ್ತದೆ, ಸುಳ್ಳೇಕೆ. ಅದೇ ವರ್ಷದ ನೆಹರೂ ರೂಪಾಯಿ ನಾಣ್ಯ ಮಾತ್ರ ಬೇರೆಯೇ ಮಾತು. ಅಪ್ಪಟ ನಿಕ್ಕಲ್, ಬೆರಳ ತುದಿಯಲ್ಲಿ ಹಿಡಿದು ತಟ್ಟಿದರೆ ಸಣ್ಣ ಗಂಟೆ, ಅಯಸ್ಕಾಂತ ತಂದರೆ ಟಪಕ್ಕನೆ ಅಂಟುತ್ತದೆ. ಸಂತೆಯಲ್ಲಿ ಬೀಗದ ಕೈ ಮಾರುವವನ ತಟ್ಟೆಯಲ್ಲಿ ಸಿಕ್ಕಿತ್ತು. ಅಂಚಿನ ಸವಕಳಿಯಲ್ಲಿ ಎಷ್ಟು ಜನರ ಕಿಸೆಯ ಬಿಸುಪೋ.

ನಮ್ಮೂರಿನ ಬಣ್ಣದ ತೊಟ್ಟಿಲು ಹೆಸರುವಾಸಿ. ಆ ತೊಟ್ಟಿಲ ಪಟ್ಟಿಗಳ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಆಟ ಬರೆಯುವ ಹಿರಿಯರೊಬ್ಬರು ಹೋದ ವರ್ಷ ಮನೆಗೆ ಬಂದಿದ್ದರು. ಒಂದೂವರೆ ಆಣೆ ತೋರಿಸಿದೆ. ಬಹಳ ಹೊತ್ತು ಮಾತಿಲ್ಲ. ಅವರ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಇತ್ತು. ಆ ಬೆರಳು ಚೀಟಿಯ ಅಂಚಿನ ಹಲ್ಲುಗಳ ಮೇಲೆ, ಮುಟ್ಟದೆ, ಗಾಳಿಯಲ್ಲೇ ಸುತ್ತಿ ಬಂತು.

“ಇದು ಕೈಲೆ ಬರದದ್ದಲ್ರೀ. ಆದ್ರ ಕೈ ಬಲ್ಲವ್ರು ಮಾಡ್ಯಾರ,” ಎಂದರು. ಆಮೇಲೆ ಕಣ್ಣಿನ ಕೆಳಗಿನ ನೆರಳನ್ನು ತೋರಿಸಿ, “ಇಷ್ಟು ತೆಳ್ಳಗ ನಮ್ಮ ಕುಂಚ ಇಳಿಯೂದಿಲ್ಲ. ಒಂದು ರಾತ್ರಿ ಒಯ್ಯಲೇನು?”

ಚೀಟಿ ಕೊಡಲು ಮನಸ್ಸು ಬರಲಿಲ್ಲ. ಭೂತಗನ್ನಡಿ ಕೊಟ್ಟು ಕಳಿಸಿದೆ. ಮರುದಿನ ಅವರು ಅದನ್ನು ತಿರುಗಿ ತಂದರು, ಮತ್ತೆ ಅದೇ ಪುಟದ ಮುಂದೆ ಕೂತರು.