ಬೇಸಿಗೆಗೆ ಮುಂಚಿನ ತೆಪ್ಪ

ಶ್ರೀನಿವಾಸಪುರದ ಕಡೆ ಮಾವು ಹೂ ಉದುರಿಸಿ ಮಿಡಿ ಕಚ್ಚುವ ಹೊತ್ತಿಗೆ ನಂಟರಿಷ್ಟರ ಮನೆಗಳಿಗೆ ಓಡಾಟ ಜೋರಾಗುತ್ತದೆ. ಯುಗಾದಿ ಕಳೆದು ಕಾಯಿ ಬಲಿಯತೊಡಗಿದರೆ ತೋಟ ಕಾಯಬೇಕು, ಕೀಳುವ ಆಳುಗಳನ್ನು ಹೊಂದಿಸಬೇಕು, ಮಂಡಿಯಲ್ಲಿ ರಾತ್ರಿಯೆಲ್ಲ ನಿಲ್ಲಬೇಕು, ತೋತಾಪುರಿಯನ್ನು ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳವರೆಗೆ ಸಾಗಿಸಬೇಕು. ಜುಲೈವರೆಗೆ ಯಾರೂ ಯಾರ ಕೈಗೂ ಸಿಗುವುದಿಲ್ಲ. "ಈಗ ಬರ್ಲಿಲ್ಲ ಅಂದ್ರೆ ಇನ್ನು ಕಾಯಿ ಮುಗಿದ ಮೇಲೇನೇ ನೋಡು ಮಾವ" ಎಂದು ಫೋನಿನಲ್ಲಿ ಕರೆಯುವುದು ಈ ದಿನಗಳಲ್ಲೇ. ಜಾತ್ರೆ, ತೇರು, ತೆಪ್ಪ ಎಂದು ದೇವರು ಹೊರಗೆ ಬರುವ ಕಾಲವೂ ಹೆಚ್ಚುಕಡಿಮೆ ಇದೇ.

ಇವುಗಳಲ್ಲಿ ತೆಪ್ಪೋತ್ಸವದ ಬಗ್ಗೆ ನನಗೆ ಹೇಳುವುದಿದೆ. ತೇರಿಗೆ ರಸ್ತೆ ಸಾಕು, ತೆಪ್ಪಕ್ಕೆ ನೀರು ಬೇಕು. ಅದಕ್ಕಾಗಿಯೇ ನಮ್ಮಂಥ ಒಣ ಜಿಲ್ಲೆಯಲ್ಲಿ ಇದು ಬರೀ ಅಲಂಕಾರದ ಉತ್ಸವವಲ್ಲ. ಕೋಲಾರಕ್ಕೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಪಾಲಾರ್ ಇಲ್ಲಿ ಹಾದುಹೋಗುತ್ತದೆಯೇ ಹೊರತು ತುಂಬಿ ಹರಿಯುವುದಿಲ್ಲ. ಬದುಕಿದ್ದೆಲ್ಲ ಕೆರೆಗಳ ಮೇಲೆ. ಅಂಥ ಊರಿನ ಜನರೆಲ್ಲ ಬೇಸಿಗೆ ಶುರುವಾಗುವ ಮುಂಚೆ ಒಂದು ಸಂಜೆ ಏರಿಯ ಮೇಲೆ ನಿಂತು ನೀರಿನ ಮಟ್ಟವನ್ನು ಕಣ್ಣಾರೆ ನೋಡುವಂತೆ ಮಾಡುವ ಪದ್ಧತಿ ಇದು. ಅದರ ಬೆಲೆ ಇರುವುದು ಅಲ್ಲಿ.

ಈ ಭಾಗದವರಿಗೆ ಮಾದರಿ ತಿರುಮಲ. ಪಾಪನಪಲ್ಲಿ ಆಗಿದ್ದ ಊರು ದಿವಾನ್ ಪೂರ್ಣಯ್ಯನವರ ಮಗನ ಹೆಸರಿನಿಂದ ಶ್ರೀನಿವಾಸಪುರವಾಯಿತು ಎನ್ನುತ್ತಾರೆ. ಹೆಸರಿನಲ್ಲಿ ಬೆಟ್ಟದ ಸ್ವಾಮಿಯೂ ಬಂದು ಕೂತಿದ್ದಾನೆ. ತಿರುಮಲದಲ್ಲಿ ಫಾಲ್ಗುಣ ಹುಣ್ಣಿಮೆಗೆ ಮುಗಿಯುವಂತೆ ಐದು ದಿನ ಪುಷ್ಕರಿಣಿಯಲ್ಲಿ ತೆಪ್ಪ ನಡೆಯುತ್ತದೆ. ಮೊದಲ ದಿನ ಸೀತಾರಾಮಲಕ್ಷ್ಮಣರು, ಎರಡನೆಯ ದಿನ ರುಕ್ಮಿಣಿಯೊಂದಿಗೆ ಕೃಷ್ಣ, ಉಳಿದ ಮೂರು ದಿನ ಶ್ರೀದೇವಿ ಭೂದೇವಿಯರೊಂದಿಗೆ ಮಲಯಪ್ಪಸ್ವಾಮಿ. ಸುತ್ತುಗಳು ಮೂರರಿಂದ ಐದಕ್ಕೆ, ಕೊನೆಗೆ ಏಳಕ್ಕೆ ಏರುತ್ತವೆ. ದೇವರು ಅವಸರವಿಲ್ಲದೆ, ಹೆಂಡತಿಯರ ಜೊತೆ, ತಂಗಾಳಿಯಲ್ಲಿ ವಿಹಾರ ಮಾಡುತ್ತಾನೆ ಎಂಬ ಭಾವನೆ ಎಷ್ಟು ಮನುಷ್ಯಸಹಜವಾದದ್ದು! ಇಡೀ ಆಚರಣೆಯಲ್ಲಿ ನನಗೆ ಬಹಳ ಇಷ್ಟವಾಗುವುದು ಇದು. ಇಲ್ಲಿ ಯುದ್ಧವಿಲ್ಲ, ಸಂಹಾರವಿಲ್ಲ, ಸುಮ್ಮನೆ ಸುತ್ತಾಟ.

ತೆಪ್ಪ ಕಟ್ಟುವುದನ್ನು ಹತ್ತಿರದಿಂದ ನೋಡಬೇಕು. ಖಾಲಿ ಡ್ರಮ್ಮುಗಳನ್ನು ಸಾಲಾಗಿಟ್ಟು, ಮೇಲೆ ಬೊಂಬು ಅಡ್ಡಡ್ಡ ಹಾಸಿ, ಹಗ್ಗದಿಂದ ಬಿಗಿದು, ಹಲಗೆ ಹೊಡೆದು, ಮಂಟಪ ನಿಲ್ಲಿಸುತ್ತಾರೆ. ಬೆಸ್ತರ ಹಿರಿಯರೊಬ್ಬರು ನಾಲ್ಕು ಮೂಲೆಗೂ ಹೋಗಿ ಕುಕ್ಕರುಗಾಲಲ್ಲಿ ಕೂತು ಏಳುತ್ತಾರೆ. ಒಂದು ಡ್ರಮ್ಮಿಗೆ ಸಣ್ಣ ತೂತಿದ್ದರೂ ಆ ಮೂಲೆ ಬೆರಳಗಲ ಇಳಿಯುತ್ತದೆ. ಸಂಜೆ ಸೀರಿಯಲ್ ಲೈಟು ಹತ್ತಿದಾಗ ನೀರಿನಲ್ಲಿ ಬೆಳಕಿನ ಗೆರೆ ಓರೆಯಾಗಿ ಬೀಳುವುದು ಅವರ ಕಣ್ಣಿಗೆ ಮೊದಲು ಕಾಣುತ್ತದೆ, ಅರ್ಚಕರಿಗಲ್ಲ. ಆಮೇಲೆ ಉದ್ದನೆಯ ಗಳವನ್ನು ನೀರಿಗೆ ಬಿಟ್ಟು, ಎಲ್ಲಿ ಆಳ, ಎಲ್ಲಿ ಹೂಳು ಎಂದು ಸುತ್ತುವ ದಾರಿಯನ್ನು ಗೊತ್ತು ಮಾಡುತ್ತಾರೆ. ಹೂಳಿದ್ದರೆ ತೆಪ್ಪ ಕಚ್ಚಿಕೊಳ್ಳುತ್ತದೆ. ಅಂದರೆ ಉತ್ಸವದ ನೆಪದಲ್ಲಿ ಕೆರೆಯ ಒಡಲನ್ನು ಯಾರೋ ಒಬ್ಬರು ಮುಟ್ಟಿ ನೋಡಿದಂತಾಯಿತು. ತೂಬು ಸೋರುತ್ತಿದೆಯೇ, ಏರಿಯಲ್ಲಿ ಜಾಲಿ ಬೇರು ಬಿಟ್ಟಿದೆಯೇ, ಕೋಡಿಯ ಕಲ್ಲು ಕದಲಿದೆಯೇ ಎಂಬುದೂ ಅದೇ ವಾರದಲ್ಲಿ ಕಣ್ಣಿಗೆ ಬೀಳುತ್ತದೆ.

ಈ ಅಳತೆಯಲ್ಲಿ ನೋಡಿದರೆ ಇವತ್ತಿನ ಎಷ್ಟೋ ತೆಪ್ಪೋತ್ಸವಗಳು ಸೋಲುತ್ತವೆ. ಕೆರೆ ಒಣಗಿದ ವರ್ಷ ಕಲ್ಯಾಣಿಗೆ ಟ್ಯಾಂಕರುಗಳಲ್ಲಿ ನೀರು ಸುರಿದು, ಅದರಲ್ಲಿ ಎರಡಾಳುದ್ದದ ತೆಪ್ಪವನ್ನು ಒಂದು ಗಂಟೆ ಎಳೆದಾಡಿದ್ದನ್ನು ನೋಡಿದ್ದೇನೆ. ಆ ನೀರು ಬಂದದ್ದು ಸಾವಿರ ಅಡಿ ದಾಟಿದ ಬೋರ್‌ವೆಲ್‌ನಿಂದ. ಅದೇ ಬೀದಿಯಲ್ಲಿ ಹೆಣ್ಣುಮಕ್ಕಳು ಕೊಡ ಸಾಲಿಟ್ಟು ಕಾಯುತ್ತಿದ್ದರು. ಸೇವೆ ತಪ್ಪಬಾರದು ಎಂಬ ಹಿರಿಯರ ಆತಂಕ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಗರ್ಭಗುಡಿಯೊಳಗೆ ಪಾತ್ರೆಯ ನೀರಿನಲ್ಲಿ ಸಂಕಲ್ಪ ಪೂರೈಸಿ, ಹೊರಗೆ "ಈ ವರ್ಷ ಕೆರೆಯಲ್ಲಿ ನೀರಿಲ್ಲ, ತೆಪ್ಪವಿಲ್ಲ" ಎಂದು ತಮಟೆ ಹೊಡೆಸಿ ಸಾರಬಹುದು. ಆ ಸುದ್ದಿ ಊರಿಗೆ ಮುಟ್ಟಬೇಕಾದದ್ದು. ಟ್ಯಾಂಕರ್ ತೆಪ್ಪ ಅದನ್ನು ಮುಚ್ಚಿಡುತ್ತದೆ.

ಬೇರೆಡೆಗಳಲ್ಲಿ ಈ ತೊಡಕಿಲ್ಲ. ನಂಜನಗೂಡಿನಲ್ಲಿ ಕಪಿಲೆ ಇದ್ದಾಳೆ, ಚಾಮುಂಡಿಬೆಟ್ಟಕ್ಕೆ ದೇವಿಕೆರೆ ಇದೆ, ಹಂಪಿಯ ವಿರೂಪಾಕ್ಷನಿಗೆ ಮನ್ಮಥ ಹೊಂಡ. ಬೆಂಗಳೂರಿನಲ್ಲಿ ಕಡಲೆಕಾಯಿ ಪರಿಷೆಯ ಜೊತೆಗೆ ಕೆಂಪಾಂಬುಧಿ ಕೆರೆಯಲ್ಲೂ ಸ್ಯಾಂಕಿ ಕೆರೆಯಲ್ಲೂ ತೆಪ್ಪ ತೇಲಿಸಿದ್ದಾರೆ. ನಗರದ ಜನ ಕೆರೆಯ ಕಡೆಗೆ ಮುಖ ಮಾಡಿದ್ದು ಒಳ್ಳೆಯದೇ. ಆದರೆ ಬೇಲಿಯಾಚೆ ನಿಂತು ಮೊಬೈಲಿನಲ್ಲಿ ಚಿತ್ರ ಹಿಡಿಯುವವರಿಗೆ ಆ ನೀರಿನ ಮೇಲೆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಎರಡೂ ಇತ್ತು.

ಈಗ ಕೋಲಾರದ ಕೆರೆಗಳಿಗೆ ನೀರು ಬಂದಿದೆ, ಅದೂ ಆ ಬೆಂಗಳೂರಿನಿಂದಲೇ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಸಂಸ್ಕರಿಸಿದ ಕೊಳಚೆ ನೀರು ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರ್, ಮೊದಲ ಹಂತದಲ್ಲಿ 126 ಕೆರೆಗಳು ಎಂಬುದು ಲೆಕ್ಕ. ಮರುತಿಂಗಳೇ ನೊರೆ ಎದ್ದು ಗಲಾಟೆಯಾಯಿತು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡನೇ ಹಂತದವರೆಗಷ್ಟೇ ಶುದ್ಧಿ ಮಾಡಿದ ಈ ನೀರು ಅಂತರ್ಜಲ ತುಂಬಲಿಕ್ಕೆ, ಕುಡಿಯಲಿಕ್ಕಲ್ಲ. ದಶಕಗಳ ನಂತರ ತುಂಬಿದ ಕೆರೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡವರಿದ್ದಾರೆ, ಅವರ ಸಂತೋಷ ಸುಳ್ಳಲ್ಲ. ಆದರೆ ಅಲ್ಲಿ ತೆಪ್ಪ ತೇಲಿಸಬಹುದೇ?

ತೇಲಿಸಬಹುದು ಎನ್ನುತ್ತೇನೆ, ಕರಾರಿನ ಮೇಲೆ. ಆ ನೀರನ್ನು ತೀರ್ಥವೆಂದು ಕೊಡಬಾರದು, ಅವಭೃತದ ಹೆಸರಿನಲ್ಲಿ ಮಕ್ಕಳನ್ನು ಇಳಿಸಬಾರದು. ನೀರಿನ ಪರೀಕ್ಷೆಯ ವರದಿಯನ್ನು ಉತ್ಸವದ ಆಹ್ವಾನಪತ್ರಿಕೆಯ ಜೊತೆಗೇ ಏರಿಯ ಮೇಲೆ, ಎಲ್ಲರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಬೇಕು. ದೇವರ ಎದುರು ಸುಳ್ಳು ಹೇಳಲು ಅಧಿಕಾರಿಗಳೂ ಸ್ವಲ್ಪ ಹಿಂಜರಿಯುತ್ತಾರೆ, ಆ ಹಿಂಜರಿಕೆಯನ್ನು ಊರು ಬಳಸಿಕೊಳ್ಳಲಿ.

ಇನ್ನೊಂದು ದೂರು ತೆಪ್ಪ ಹತ್ತುವವರ ಬಗ್ಗೆ. ಮೂರ್ತಿ, ಅರ್ಚಕರು, ಓಲಗದವರು, ಗಳ ಹಿಡಿಯುವವರು, ಇಷ್ಟು ಜನಕ್ಕೆ ಕಟ್ಟಿದ ತೆಪ್ಪದ ಮೇಲೆ ಮುಖಂಡರು, ಅವರ ಹಿಂಬಾಲಕರು, ಕ್ಯಾಮೆರಾದವರು ಹತ್ತಿ ನಿಲ್ಲುತ್ತಾರೆ. ಲೈಫ್ ಜಾಕೆಟ್ ಒಂದೂ ಇರುವುದಿಲ್ಲ. ಬೆಸ್ತರು ಬೇಡವೆಂದರೂ ಕೇಳುವವರಿಲ್ಲ. ಎಷ್ಟು ಜನ ಎಂಬುದನ್ನು ಕಟ್ಟಿದವರೇ ನಿರ್ಧರಿಸಬೇಕು. ಮುಖಂಡರಿಗೆ ಜಾಗ ಸಾಲದೆ ಹೋದರೆ ದಡದಲ್ಲಿ ನಿಲ್ಲಲಿ. ಆದರೆ ಮೊದಲ ಸುತ್ತಿಗೆ, ಕೆರೆಯ ನೀರು ಬಿಡುವ ನೀರುಗಂಟಿಯೊಬ್ಬರನ್ನು ಹತ್ತಿಸಿಕೊಂಡು, ಇಳಿದ ಮೇಲೆ ಮೈಕು ಅವರ ಕೈಗೆ ಕೊಟ್ಟು, ಕೆರೆಯಲ್ಲಿ ಎಷ್ಟು ನೀರಿದೆ, ಎಷ್ಟು ವಾರ ಬರುತ್ತದೆ, ಯಾವ ತೂಬು ರಿಪೇರಿ ಆಗಬೇಕು ಎಂದು ಹೇಳಿಸಬೇಕು. ಮಂಡಿಗೆ ಹೊರಡುವ ಮುಂಚೆ ನಂಟರೆಲ್ಲ ಅಲ್ಲೇ ಸೇರಿರುತ್ತಾರೆ, ತೂಬಿನ ಖರ್ಚಿಗೆ ಅಲ್ಲೇ ತಟ್ಟೆ ಹಿಡಿಯಬಹುದು.